ಹೊಳೆಯಾಚೆಯ ಹೈಸ್ಕೂಲು

ನಮ್ಮ ಹೈಸ್ಕೂಲಿನ ಹಳೇ ವಿದ್ಯಾರ್ಥಿಗಳ ವಾಟ್ಸಾಪ್ ಗ್ರೂಪಿನಲ್ಲಿ ಒಂದು ರಾತ್ರಿ ನನಗೆ ಕೆಲಸ ಬಿತ್ತು. ಶಾಲೆಯ ಸುವರ್ಣ ಮಹೋತ್ಸವಕ್ಕೆ ಸ್ಮರಣ ಸಂಚಿಕೆ ತರಬೇಕು. ಅದರಲ್ಲಿ ‘ಶಾಲೆಯ ಇತಿಹಾಸ ಮತ್ತು ಸೌಲಭ್ಯಗಳು’ ಅಂತ ಎರಡು ಪುಟ ಇರಬೇಕು. "ನೀನು ಹೇಗೂ ಕಂಪ್ಯೂಟರ್ ಮುಂದೆ ಕೂತಿರ್ತೀಯಲ್ಲ ಮಾರಾಯ, ಬರೆದು ಕಳ್ಸು" ಅಂದರು ಸಮಿತಿಯವರು. ಸಾಫ್ಟ್‌ವೇರಿನವನು ಅಂದರೆ ಟೈಪಿಂಗ್ ಬರುವವನು ಅಂತ ನಮ್ಮೂರಲ್ಲಿ ಇವತ್ತಿಗೂ ಲೆಕ್ಕ.

ಒಂದು ಸಂಜೆಯಲ್ಲಿ ಬರೆದು ಮುಗಿಸಿದೆ. ಸುಸಜ್ಜಿತ ವಿಜ್ಞಾನ ಪ್ರಯೋಗಾಲಯ, ಅಮೂಲ್ಯ ಗ್ರಂಥಗಳ ವಾಚನಾಲಯ, ವಿಶಾಲ ಆಟದ ಮೈದಾನ, ಶುದ್ಧ ಕುಡಿಯುವ ನೀರು, ಅನುಭವಿ ಶಿಕ್ಷಕ ವೃಂದ. ಇಂಥ ವಾಕ್ಯಗಳು ಬರೆಯೋ ಮೊದಲೇ ತಯಾರಾಗಿ ಕೂತಿರುತ್ತವೆ. ಸ್ವಲ್ಪ ಆ ಕಡೆ ಈ ಕಡೆ ಮಾಡಿದರೆ ಯಾವ ಶಾಲೆಗೂ ಹೊಂದುತ್ತವೆ.

ಚೌತಿಗೆ ಊರಿಗೆ ಹೋದಾಗ ಅದನ್ನು ಅತ್ತೆಗೆ ಓದಿ ಹೇಳಿದೆ. ಅತ್ತೆ ಅಂದರೆ ಅಪ್ಪನ ಅಕ್ಕ. ಚಕ್ಕುಲಿ ಒತ್ತುತ್ತಾ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಅಂದಳು: "ಎಲ್ಲಾ ಚಂದ ಬರ್ದೆ ತಮಾ. ಹೊಳೆನೇ ಇಲ್ವಲ್ಲೋ ಇದ್ರಲ್ಲಿ."

ಶಾಲೆಯ ಇತಿಹಾಸದಲ್ಲಿ ಹೊಳೆಗೆ ಏನು ಕೆಲಸ ಅಂತ ಕೇಳಿದೆ. ಅವಳು ಹೇಳಿದ್ದನ್ನು ಕೇಳಿದ ಮೇಲೆ ನನ್ನ ಎರಡು ಪುಟವನ್ನು ಅಳಿಸಬೇಕಾಯಿತು. ಈ ಬರಹ ಅಲ್ಲಿಂದ ಶುರುವಾದದ್ದು.

ನಮ್ಮದು ಹೊನ್ನಾವರ ತಾಲೂಕಿನಲ್ಲಿ ಶರಾವತಿಯ ದಡದ ಒಂದು ಹಳ್ಳಿ, ತೆಂಕಣ ದಡ. ಹೊನ್ನಾವರ ಪೇಟೆ ಇರುವುದು ಬಡಗಣ ದಡದಲ್ಲಿ. ಅತ್ತೆ ಅರವತ್ತರ ದಶಕದ ಶುರುವಿನಲ್ಲಿ ಏಳನೇ ಇಯತ್ತೆ ಪಾಸಾದವಳು. ಆಗ ಅದಕ್ಕೆ ಮುಲ್ಕಿ ಅಂತಲೇ ಹೆಸರು. ಮುಂಬೈ ಸರ್ಕಾರ ಹೋಗಿ ಮೈಸೂರು ರಾಜ್ಯ ಬಂದಿದ್ದರೂ ಇಯತ್ತೆ, ಮುಲ್ಕಿ, ಮಾಸ್ತರು, ಸಿಪಾಯಿ ಅನ್ನೋ ಮಾತುಗಳೆಲ್ಲ ಹಾಗೇ ಉಳಿದಿದ್ದವು. ಇನ್ನೂ ಸ್ವಲ್ಪ ಹಿಂದಿನ ಕಾಲದಲ್ಲಾದರೆ ಮುಲ್ಕಿ ಪಾಸಾದವರು ಕನ್ನಡ ಶಾಲೆಗೆ ಮಾಸ್ತರಾಗುತ್ತಿದ್ದರು. ಅತ್ತೆ ಪಾಸಾದಳು, ಒಳ್ಳೇ ಮಾರ್ಕೂ ಬಿತ್ತು. ಮುಂದೆ ಓದಬೇಕು ಅಂದರೆ ಹೊಳೆ ದಾಟಬೇಕು. ಮಳೆಗಾಲದ ಶರಾವತಿಯಲ್ಲಿ, ಕೆಂಪು ನೀರಿನ ಸೆಳವಿನಲ್ಲಿ, ತಾರಿ ದೋಣಿಯಲ್ಲಿ, ಹನ್ನೆರಡು-ಹದಿಮೂರು ವರ್ಷದ ಹುಡುಗಿ. ಅಜ್ಜ ಬೇಡ ಅಂದರು. ಅವರೇನು ಓದಿನ ವಿರೋಧಿಯಲ್ಲ. ಮಗಳ ಮಾರ್ಕಿನ ಕಾಗದವನ್ನು ದೇವರ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದವರು. ಹೊಳೆಗೆ ಹೆದರಿದರು, ಅಷ್ಟೇ.

ಅದಾಗಿ ಮೂರು ವರ್ಷಕ್ಕೆ ಈಚೆ ದಡದಲ್ಲೇ ಹೈಸ್ಕೂಲು ಶುರುವಾಯಿತು. ನನ್ನ ಅಪ್ಪ ಅದರ ಮೊದಮೊದಲ ವಿದ್ಯಾರ್ಥಿಗಳಲ್ಲಿ ಒಬ್ಬ. ಮುಂದೆ ಕಾಲೇಜು ಓದಿ, ನೌಕರಿ ಹಿಡಿದು, ನನ್ನನ್ನು ಬಿ.ಇ. ಓದಿಸಿದ. ಅತ್ತೆಯನ್ನು ಅಷ್ಟರೊಳಗೆ ಮದುವೆ ಮಾಡಿ ಕೊಟ್ಟಾಗಿತ್ತು. ಒಂದೇ ಮನೆಯ ಇಬ್ಬರು ಮಕ್ಕಳು. ಅವರ ನಡುವೆ ಇದ್ದದ್ದು ಬುದ್ಧಿಯ ವ್ಯತ್ಯಾಸ ಅಲ್ಲ, ಹಣದ್ದೂ ಅಲ್ಲ. ಮೂರು ವರ್ಷ ಮತ್ತು ಒಂದು ಹೊಳೆ.

ಹಾಗಾದರೆ ಅಲ್ಲಿಯವರೆಗೆ ಈಚೆ ದಡದಲ್ಲಿ ಹೈಸ್ಕೂಲು ಯಾಕಿರಲಿಲ್ಲ? ಬೆಂಗಳೂರಿಗೆ ವಾಪಸ್ ಬಂದ ಮೇಲೆ ಈ ಪ್ರಶ್ನೆ ಹಿಡಿದುಕೊಂಡು ಕೂತೆ.

ಕಥೆ ಸ್ವಲ್ಪ ಹಿಂದಿನಿಂದ ಹೇಳಬೇಕು. ಟಿಪ್ಪುವಿನ ನಂತರ ಇಡೀ ಕೆನರಾ ಜಿಲ್ಲೆ ಮದ್ರಾಸಿನ ಕೈಯಲ್ಲಿತ್ತು. 1862ರಲ್ಲಿ ಅದರ ಉತ್ತರ ಭಾಗವನ್ನು ಕತ್ತರಿಸಿ ಮುಂಬೈ ಪ್ರಾಂತಕ್ಕೆ ಸೇರಿಸಿದರು. ಅದರ ಹಿಂದೆ ಹತ್ತಿಯ ವ್ಯವಹಾರ ಇತ್ತು. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಮುಂಬೈಗೆ ಹೋಗುತ್ತಿತ್ತು, ಅಲ್ಲಿಂದ ಇಂಗ್ಲೆಂಡಿಗೆ. 1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತಾಗ ಈ ದಾರಿಗೆ ಭಾರಿ ಬೆಲೆ ಬಂತು. ಆ ಹತ್ತಿಗೆ ಪೇಟೆಯಲ್ಲಿ ‘ಕುಮಟಾ’ ಅನ್ನೋದೇ ಹೆಸರು. ಬೆಳೆದ ಊರಿನ ಹೆಸರಲ್ಲ, ಹಡಗು ಹತ್ತಿದ ಊರಿನ ಹೆಸರು! ಮುಂಬೈ ವ್ಯಾಪಾರಿಗಳಿಗೆ ಈ ಕರಾವಳಿಯ ಬಂದರು ತಮ್ಮ ಸರ್ಕಾರದ ಕೈಯಲ್ಲೇ ಇರಬೇಕಿತ್ತು. ಇದ್ದಕ್ಕಿದ್ದ ಹಾಗೆ ಭಟ್ಕಳ ಮುಂಬೈ ಪ್ರಾಂತವಾಯಿತು, ಪಕ್ಕದ ಬೈಂದೂರು ಮದ್ರಾಸಿನಲ್ಲೇ ಉಳಿಯಿತು. 1956ರ ವರೆಗೆ ಈ ಗೆರೆ ಹಾಗೇ ಇತ್ತು. ಎರಡೂ ಕಡೆ ಅದೇ ಮೀನು, ಅದೇ ಯಕ್ಷಗಾನ, ಅದೇ ಮಳೆ. ಆದರೆ ಆಚೆಯ ಹುಡುಗರು ಬರೆಯುತ್ತಿದ್ದದ್ದು ಮದ್ರಾಸಿನ ಎಸ್ಸೆಸ್ಸೆಲ್ಸಿ, ಈಚೆಯವರು ಮುಂಬೈ ಮೆಟ್ರಿಕ್.

ಮುಂಬೈ ಸರ್ಕಾರ ಕನ್ನಡ ಶಾಲೆಗಳನ್ನು ಅಲ್ಲಲ್ಲಿ ತೆರೆಯಿತು. ಹೈಸ್ಕೂಲಿನ ವಿಷಯಕ್ಕೆ ಬಂದಾಗ ಕೈ ಬಿಗಿ ಹಿಡಿಯಿತು. ಇದಕ್ಕೆ ದೇಶಮಟ್ಟದ ನೀತಿಯ ಬೆಂಬಲವೂ ಇತ್ತು. 1882ರ ಹಂಟರ್ ಆಯೋಗ ಹೇಳಿದ್ದರ ಸಾರಾಂಶ ಇಷ್ಟು: ಪ್ರಾಥಮಿಕ ಶಾಲೆಯ ಕಡೆ ಸರ್ಕಾರ ಗಮನ ಕೊಡಲಿ, ಹೈಸ್ಕೂಲನ್ನು ಆದಷ್ಟೂ ಖಾಸಗಿಯವರು ನಡೆಸಲಿ, ಸರ್ಕಾರ ಅನುದಾನ ಕೊಡಲಿ, ಅಗತ್ಯ ಬಿದ್ದಲ್ಲಿ ಜಿಲ್ಲೆಗೊಂದು ಮಾದರಿ ಹೈಸ್ಕೂಲನ್ನು ಸರ್ಕಾರ ಇಟ್ಟುಕೊಳ್ಳಲಿ. ಜಿಲ್ಲೆಗೊಂದು! ನಮ್ಮ ಜಿಲ್ಲೆಯಲ್ಲಿ ಸರ್ಕಾರಿ ಹೈಸ್ಕೂಲು ಇದ್ದದ್ದು ಜಿಲ್ಲಾ ಕೇಂದ್ರ ಕಾರವಾರದಲ್ಲಿ. ಭಟ್ಕಳದಿಂದ ಕಾರವಾರಕ್ಕೆ ಇವತ್ತಿನ ಹೆದ್ದಾರಿಯಲ್ಲೇ ಸುಮಾರು 130 ಕಿಲೋಮೀಟರ್. ನಡುವೆ ಶರಾವತಿ, ಅಘನಾಶಿನಿ, ಗಂಗಾವಳಿ ಅಂತ ಮೂರು ದೊಡ್ಡ ಹೊಳೆ, ಲೆಕ್ಕಕ್ಕೆ ಸಿಗದಷ್ಟು ಹಳ್ಳ ಮತ್ತು ಕೋಡಿ. ಹೊನ್ನಾವರದ ಹತ್ತಿರ ಶರಾವತಿ ಎಷ್ಟು ಅಗಲ ಅಂದರೆ, ಅಲ್ಲಿ ಕೊಂಕಣ ರೈಲಿಗೆ ಕಟ್ಟಿದ ಸೇತುವೆ 2 ಕಿಲೋಮೀಟರಿಗೂ ಉದ್ದ ಇದೆ. ಇಡೀ ಕೊಂಕಣ ರೈಲು ದಾರಿಯಲ್ಲಿ ಅದೇ ಅತಿ ಉದ್ದದ ಸೇತುವೆ. ಅಂಥ ಹೊಳೆಯನ್ನು ದೋಣಿಯಲ್ಲಿ ದಾಟಿ ಕಾರವಾರಕ್ಕೆ ಹೋಗಿ ಮೆಟ್ರಿಕ್ ಮಾಡುವವರು ಯಾರು? ಅಲ್ಲಿ ನೆಂಟರ ಮನೆಯೋ ವಾರಾನ್ನದ ಮನೆಗಳೋ ಇದ್ದವರು.

ಹಾಗಾಗಿ ಈ ಮೂರು ತಾಲೂಕಿನ ಹಳೇ ಹೈಸ್ಕೂಲುಗಳ ಹೆಸರು ನೋಡಿ. ಒಂದರಲ್ಲೂ ‘ಸರ್ಕಾರಿ’ ಅಂತ ಇಲ್ಲ.

ಕುಮಟಾದಲ್ಲಿ ಗಿಬ್ ಹೈಸ್ಕೂಲು. ಇಂಗ್ಲಿಷ್ ಹೆಸರು, ಆದರೆ ಅದರ ನೆನಪು ಪೂರ್ತಿ ಕನ್ನಡದ್ದು. ಗೋಕರ್ಣದ ಹತ್ತಿರದ ಹನೇಹಳ್ಳಿಯ ಚಿತ್ತಾಲ ಸಹೋದರರು ಮೆಟ್ರಿಕ್ ಓದಿದ್ದು ಇಲ್ಲಿ. ಅಣ್ಣ ಗಂಗಾಧರ ಚಿತ್ತಾಲರು ಮೆಟ್ರಿಕ್ಕಿನಲ್ಲಿ ಇಡೀ ಮುಂಬೈ ಪ್ರಾಂತಕ್ಕೇ ಮೊದಲಿಗರಾದರು. ಮುಂಬೈ, ಪುಣೆ, ಅಹಮದಾಬಾದಿನ ಹುಡುಗರನ್ನೆಲ್ಲ ಹಿಂದೆ ಹಾಕಿ ಕುಮಟೆಯ ಹುಡುಗ ಫಸ್ಟು! ಮುಂದೆ ಅವರು ಕೇಂದ್ರ ಸರ್ಕಾರದ ಲೆಕ್ಕಪತ್ರ ಇಲಾಖೆಯಲ್ಲಿ ದೊಡ್ಡ ಅಧಿಕಾರಿಯಾದರು, ಕನ್ನಡದ ದೊಡ್ಡ ಕವಿಯೂ ಆದರು. ತಮ್ಮ ಯಶವಂತ ಚಿತ್ತಾಲರು ಮುಂಬೈಯಲ್ಲಿ ಕೆಮಿಕಲ್ ಟೆಕ್ನಾಲಜಿ ಓದಿ, ಪ್ಲಾಸ್ಟಿಕ್ ಉದ್ಯಮದಲ್ಲಿ ಕೆಲಸ ಮಾಡುತ್ತಲೇ ‘ಶಿಕಾರಿ’ಯಂಥ ಕಾದಂಬರಿ ಬರೆದರು. ಕಾರ್ಪೊರೇಟ್ ಆಫೀಸಿನ ಉಸಿರುಗಟ್ಟುವಿಕೆಯನ್ನು ನಮಗೆಲ್ಲ ಮೊದಲು ತೋರಿಸಿದವರು ನಮ್ಮ ಕಡೆಯವರೇ ಅನ್ನೋದು ನನಗೊಂದು ಒಣ ಹೆಮ್ಮೆ.

ಆದರೆ ನಕ್ಷೆ ತೆಗೆದು ನೋಡಿ. ಹನೇಹಳ್ಳಿ ಇರುವುದು ಅಘನಾಶಿನಿಯ ಬಡಗಣ ದಡದ ಕಡೆ. ಕುಮಟಾ ತೆಂಕಣ ದಡದ ಕಡೆ. ಇಲ್ಲೂ ನಡುವೆ ಹೊಳೆ. ತದಡಿಯಿಂದ ಆಚೆಯ ಅಘನಾಶಿನಿ ಊರಿಗೆ ಇವತ್ತಿಗೂ ದೋಣಿ ಓಡುತ್ತದೆ. ರಸ್ತೆಯಲ್ಲಿ ಹೋದರೆ ಮಿರ್ಜಾನಿನ ಮೇಲೆ ಸುತ್ತು ಬಳಸಬೇಕು. ಹಳ್ಳಿಯಿಂದ ಹೊರಟು ಮೊದಲ ರ‍್ಯಾಂಕು ಬಂದವರ ಕಥೆ ನಮಗೆ ಗೊತ್ತಿದೆ, ಯಾಕೆಂದರೆ ಅವರು ದಾಟಿದರು. ಅದೇ ಹಳ್ಳಿಗಳ ಉಳಿದ ಮಕ್ಕಳ ಕಥೆ ಯಾವ ಸ್ಮರಣ ಸಂಚಿಕೆಯಲ್ಲೂ ಇಲ್ಲ.

ಹೊನ್ನಾವರಕ್ಕೆ ಬನ್ನಿ. ಇಲ್ಲಿ ಚರ್ಚಿನವರ ಸೇಂಟ್ ಥಾಮಸ್ ಹೈಸ್ಕೂಲು ಇದೆ, ನ್ಯೂ ಇಂಗ್ಲಿಷ್ ಸ್ಕೂಲ್ ಇದೆ. ಭಟ್ಕಳದಲ್ಲೂ ಒಂದು ನ್ಯೂ ಇಂಗ್ಲಿಷ್ ಸ್ಕೂಲ್ ಇದೆ. ಚಿಕ್ಕವನಿದ್ದಾಗ ನನಗೆ ಇದೊಂದು ಒಗಟು: ‘ನ್ಯೂ’ ಇದ್ದ ಮೇಲೆ ‘ಓಲ್ಡ್’ ಇಂಗ್ಲಿಷ್ ಸ್ಕೂಲು ಎಲ್ಲಿದೆ? ಉತ್ತರ ಪುಣೆಯಲ್ಲಿದೆ. 1880ರಲ್ಲಿ ವಿಷ್ಣುಶಾಸ್ತ್ರಿ ಚಿಪಳೂಣಕರ್, ಬಾಲಗಂಗಾಧರ ತಿಲಕ್ ಮೊದಲಾದವರು ಸೇರಿ ಅಲ್ಲಿ ನ್ಯೂ ಇಂಗ್ಲಿಷ್ ಸ್ಕೂಲ್ ತೆರೆದರು. ಸರ್ಕಾರವನ್ನೂ ಮಿಷನರಿಗಳನ್ನೂ ಕಾಯದೆ ನಮ್ಮವರೇ, ಕಡಿಮೆ ಸಂಬಳಕ್ಕೆ ದುಡಿದು, ಕಡಿಮೆ ಫೀಸಿನಲ್ಲಿ ಹೈಸ್ಕೂಲು ನಡೆಸಬಹುದು ಅಂತ ತೋರಿಸಿದ ಶಾಲೆ ಅದು. ಮುಂಬೈ ಪ್ರಾಂತದ ಊರೂರಿನಲ್ಲಿ ಆ ಹೆಸರು ಹಬ್ಬಿತು. ‘ಇಂಗ್ಲಿಷ್ ಶಾಲೆ’ ಅಂದರೆ ಆಗಿನ ಮಾತಿನಲ್ಲಿ ಇಂಗ್ಲಿಷ್ ಕಲಿಸಿ ಮೆಟ್ರಿಕ್ಕಿಗೆ ಕೂರಿಸುವ ಶಾಲೆ, ಅಷ್ಟೇ. ಈಗಿನ ಇಂಗ್ಲಿಷ್ ಮೀಡಿಯಂ ಗಲಾಟೆಗೂ ಆ ಹೆಸರಿಗೂ ಸಂಬಂಧ ಇಲ್ಲ. ಆ ಬೋರ್ಡಿನಲ್ಲಿ ‘ನ್ಯೂ’ ಅನ್ನೋ ಪದಕ್ಕೆ ನಿಜವಾದ ಅರ್ಥ ‘ನಾವೇ ಕಟ್ಟಿಕೊಂಡದ್ದು’ ಅಂತ.

ಭಟ್ಕಳದಲ್ಲಿ ನವಾಯತರು ಇದನ್ನೇ ತಮ್ಮ ರೀತಿಯಲ್ಲಿ ಮಾಡಿದರು. 1919ರಲ್ಲಿ ಅಲ್ಲಿ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಹುಟ್ಟಿತು. ಅದರ ಹೈಸ್ಕೂಲಿನ ಹೆಸರು ಇಸ್ಲಾಮಿಯಾ ಆಂಗ್ಲೋ ಉರ್ದು ಹೈಸ್ಕೂಲ್. ಊರಿನ ವ್ಯಾಪಾರಿಗಳು ಮುಂಬೈ, ಮದ್ರಾಸು, ಕೊಲಂಬೋ ಅಂತ ಹೋಗಿ ಅಂಗಡಿ ಇಟ್ಟವರು; ಆಮೇಲಿನ ತಲೆಮಾರು ಕೊಲ್ಲಿಗೆ ಹೋಯಿತು. ಹೊರಗೆ ದುಡಿದ ಹಣ ಊರಿನ ಶಾಲೆಗೆ ಬಂತು. ಒಂದು ಶಾಲೆಯಿಂದ ಶುರುವಾದದ್ದು ಹೆಣ್ಣುಮಕ್ಕಳ ಶಾಲೆ, ಕಾಲೇಜು, ಇಂಜಿನಿಯರಿಂಗ್ ಕಾಲೇಜಿನವರೆಗೆ ಬೆಳೆಯಿತು. ಕುಮಟಾದ ಕಾಲೇಜಿಗೆ ಮುಂಬೈಯ ಪ್ರಸಿದ್ಧ ಸರ್ಜನ್ ಡಾ. ಎ.ವಿ. ಬಾಳಿಗರ ಹೆಸರಿದೆ. ನಾವು ಬೆಂಗಳೂರಿನಲ್ಲಿ ಕೂತು ಹಳೇ ಶಾಲೆಗೆ ದುಡ್ಡು ಕಳಿಸುವುದನ್ನು ಹೊಸ ಐಡಿಯಾ ಅಂದುಕೊಳ್ಳುತ್ತೇವೆ. ಈ ಕರಾವಳಿಯಲ್ಲಿ ಅದು ನೂರು ವರ್ಷ ಹಳೇ ರೂಢಿ.

ಇಷ್ಟಾದರೂ ಒಂದು ತೊಡಕು ಉಳಿದೇ ಇತ್ತು. ಇವೆಲ್ಲ ಪೇಟೆಯ ಶಾಲೆಗಳು. ಕುಮಟಾ, ಹೊನ್ನಾವರ, ಭಟ್ಕಳ ಮೂರೂ ಬಂದರು ಊರುಗಳು; ಅಲ್ಲಿ ವ್ಯಾಪಾರ ಇತ್ತು, ವಕೀಲರಿದ್ದರು, ಕಚೇರಿ ಇತ್ತು, ಹೈಸ್ಕೂಲೂ ಬಂತು. ಗಜನಿಯಲ್ಲಿ ಗೇಯುವವರ, ಮೀನು ಹಿಡಿಯುವವರ, ಬೆಟ್ಟದ ಬುಡದ ಗೇಣಿದಾರರ ಮಕ್ಕಳಿಗೆ ಪೇಟೆಯೇ ದೂರ.

ಈ ತೊಡಕನ್ನು ಸರಿಯಾಗಿ ಹಿಡಿದವರು ದಿನಕರ ದೇಸಾಯಿ. ಅವರನ್ನು ನಾವು ಶಾಲೆಯಲ್ಲಿ ಚುಟುಕು ಬರೆದವರು ಅಂತ ಮಾತ್ರ ಓದಿದೆವು. 1909ರಲ್ಲಿ ಅಂಕೋಲಾ ತಾಲೂಕಿನಲ್ಲಿ ಹುಟ್ಟಿದವರು, ಗೋಖಲೆ ಸ್ಥಾಪಿಸಿದ ಭಾರತ ಸೇವಕ ಸಮಾಜಕ್ಕೆ ಸೇರಿದವರು, ಜಿಲ್ಲೆಯ ರೈತರನ್ನು ಸಂಘಟಿಸಿದವರು. ಗೇಣಿದಾರರ ಪರ ನಿಂತದ್ದಕ್ಕೆ ಮುಂಬೈ ಸರ್ಕಾರ 1940ರಲ್ಲಿ ಅವರನ್ನು ಸ್ವಂತ ಜಿಲ್ಲೆಯಿಂದಲೇ ಗಡೀಪಾರು ಮಾಡಿತ್ತು. ಅದೇ ಮನುಷ್ಯ 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ, ಜಿಲ್ಲೆಯುದ್ದಕ್ಕೂ ಹೈಸ್ಕೂಲು ತೆರೆಯಲು ಹೊರಟರು. ಶಿರಾಲಿ, ಮುರ್ಡೇಶ್ವರ, ಮಿರ್ಜಾನ, ದಾಂಡೇಲಿ. ಹೆಸರು ಏನಿಟ್ಟರು ಗೊತ್ತಲ್ಲ? ಜನತಾ ವಿದ್ಯಾಲಯ. ಗಿಬ್ ಸಾಹೇಬರ ಹೆಸರಿಲ್ಲ, ಇಂಗ್ಲಿಷೂ ಇಲ್ಲ. ಶಿರಾಲಿ ಮುರ್ಡೇಶ್ವರಗಳಲ್ಲಿ ಹೈಸ್ಕೂಲು ಬಂದರೆ ಅಲ್ಲಿನ ಮಕ್ಕಳು ಭಟ್ಕಳಕ್ಕೆ ಹೋಗುವುದು ಬೇಡ. ಮಿರ್ಜಾನದಲ್ಲಿ ಬಂದರೆ ಕುಮಟೆಗೆ ಹೋಗುವುದು ಬೇಡ. ಗೇಣಿದಾರನಿಗೆ ಭೂಮಿ ಸಿಕ್ಕರೆ ಸಾಲದು, ಅವನ ಮಗನಿಗೆ ನಡೆದು ಹೋಗುವಷ್ಟು ದೂರದಲ್ಲಿ ಹೈಸ್ಕೂಲು ಬೇಕು. ದೇಸಾಯರ ಕೆಲಸದಲ್ಲಿ ನನಗೆ ಕಾಣುವ ಲೆಕ್ಕ ಇದು. ಭೂಮಿ ಸಿಕ್ಕಿದ್ದು 1974ರ ಭೂ ಸುಧಾರಣೆಯಲ್ಲಿ. ಶಾಲೆಗಳು ಅದಕ್ಕಿಂತ ಮೊದಲೇ ಬಂದು ನಿಂತಿದ್ದವು. 1967ರಲ್ಲಿ ಜನ ಅವರನ್ನು ಪಕ್ಷೇತರರಾಗಿ ಲೋಕಸಭೆಗೆ ಕಳಿಸಿದರು.

ಹಳ್ಳಿ ಹೈಸ್ಕೂಲು ಅಂದರೆ ಕಡಿಮೆ ದರ್ಜೆ ಅಂತ ಯಾರಾದರೂ ಅಂದರೆ ನಾನು ಬಂಕಿಕೊಡ್ಲದ ಆನಂದಾಶ್ರಮ ಹೈಸ್ಕೂಲನ್ನು ತೋರಿಸುತ್ತೇನೆ. ಗೌರೀಶ ಕಾಯ್ಕಿಣಿಯವರು ಮಾಸ್ತರಾಗಿದ್ದದ್ದು ಅಲ್ಲಿ. ಮನಸ್ಸು ಮಾಡಿದ್ದರೆ ಯಾವ ವಿಶ್ವವಿದ್ಯಾಲಯದಲ್ಲೂ ಪಾಠ ಮಾಡಬಹುದಿದ್ದ ವಿದ್ವಾಂಸರು ಗದ್ದೆಯ ಹಾಳಿಯ ಮೇಲೆ ನಡೆದು ಬರುವ ಮಕ್ಕಳಿಗೆ ಪಾಠ ಹೇಳಿದರು.

ನಮ್ಮ ಹೈಸ್ಕೂಲೂ ಇದೇ ಅಲೆಯಲ್ಲಿ ಹುಟ್ಟಿದ್ದು. ಯಾವ ದೊಡ್ಡ ಟ್ರಸ್ಟೂ ಅಲ್ಲ. ಐದಾರು ಹಳ್ಳಿಯವರು ಸೇರಿ ಮಾಡಿಕೊಂಡ ಸೊಸೈಟಿ. ಅಪ್ಪ ಹೇಳುವ ಪ್ರಕಾರ ಮೊದಲ ವರ್ಷ ಕ್ಲಾಸು ನಡೆದದ್ದು ಅಡಿಕೆ ಮಂಡಿಯ ಹಳೇ ಕಟ್ಟಡದಲ್ಲಿ. ಒಬ್ಬರು ಜಾಗ ಕೊಟ್ಟರು, ಒಬ್ಬರು ಮರ ಕೊಟ್ಟರು. ಏನೂ ಇಲ್ಲದವರು ಕಲ್ಲಿನ ಪಣೆಯಿಂದ ಚಿರೆಕಲ್ಲು ಹೊತ್ತರು. ಸರ್ಕಾರದ ಅನುದಾನ ಬರುವವರೆಗೆ ಮಾಸ್ತರುಗಳಿಗೆ ಸಂಬಳದ ಬದಲು ಊಟ, ಉಳಿಯಲು ಯಾರದೋ ಮನೆಯ ಮೆತ್ತು. ಈಗ ನಾವು ‘ಸ್ಟಾರ್ಟಪ್’ ಅಂತ ಕೊಚ್ಚಿಕೊಳ್ಳುತ್ತೇವಲ್ಲ, ಅವರ ಹತ್ತಿರ ಪ್ರೆಸೆಂಟೇಶನ್ ಇರಲಿಲ್ಲ. ಮಿಕ್ಕಿದ್ದೆಲ್ಲ ಅದೇ.

ನಾನು ಸೇರಿದ್ದು 1997ರಲ್ಲಿ, ಎಂಟನೇ ಕ್ಲಾಸಿಗೆ. ಸೌಲಭ್ಯಗಳ ಪಟ್ಟಿಯನ್ನು ಈಗ ನಿಜವಾಗಿ ಬರೆಯುತ್ತೇನೆ.

ಕಟ್ಟಡ: ಚಿರೆಕಲ್ಲಿನ ಗೋಡೆ, ಮಂಗಳೂರು ಹಂಚಿನ ಮಾಡು, ಉದ್ದ ಜಗುಲಿ. ಜುಲೈ ತಿಂಗಳಲ್ಲಿ ಹಂಚಿನ ಮೇಲೆ ಮಳೆ ಹೊಯ್ಯುವ ಸದ್ದಿಗೆ ಪಾಠ ಕೇಳಿಸುತ್ತಿರಲಿಲ್ಲ. ಮಾಸ್ತರು ಬೋರ್ಡಿನ ಮೇಲೆ ಬರೆದು ಸುಮ್ಮನೆ ನಿಲ್ಲುತ್ತಿದ್ದರು. ಜಗುಲಿಯುದ್ದಕ್ಕೂ ಕೊಡೆಗಳು, ಅವುಗಳಿಂದ ಇಳಿದ ನೀರಿನ ಸಣ್ಣ ಹಳ್ಳ.

ಪ್ರಯೋಗಾಲಯ: ಒಂದು ಕಪಾಟು, ಅದರ ಬೀಗದ ಕೈ ಹೆಡ್‌ಮಾಸ್ತರ ಕಿಸೆಯಲ್ಲಿ. ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟ ಸೋಡಿಯಂ ತುಂಡೊಂದಿತ್ತು. ವರ್ಷಕ್ಕೊಮ್ಮೆ ಅದರಿಂದ ಕಡಲೆಯಷ್ಟು ಕತ್ತರಿಸಿ ನೀರಿಗೆ ಹಾಕಿ ತೋರಿಸುತ್ತಿದ್ದರು. ಅದು ಉರಿಯುತ್ತಾ ಓಡಿದ್ದನ್ನು ನೋಡಿದ ದಿನ ನಾನು ಇಂಜಿನಿಯರಾಗುತ್ತೇನೆ ಅಂತ ಮನೆಯಲ್ಲಿ ಹೇಳಿದ್ದೆ. ಎರಡಕ್ಕೂ ಏನು ಸಂಬಂಧ ಅಂತ ಆಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ.

ವಾಚನಾಲಯ: ಇನ್ನೊಂದು ಕಪಾಟು. ಕನ್ನಡ ಮಾಸ್ತರು ಶನಿವಾರ ತೆಗೆಯುತ್ತಿದ್ದರು. ಕಂಪ್ಯೂಟರ್: ಇಲ್ಲ. ನಾನು ಅದನ್ನು ಮುಟ್ಟಿದ್ದು ಬಿ.ಇ. ಸೇರಿದ ಮೇಲೆ. ಮೈದಾನ: ಇತ್ತು, ಮಳೆಗಾಲದಲ್ಲಿ ಕೆರೆಯಾಗುತ್ತಿತ್ತು. ಶೌಚಾಲಯ: ಹುಡುಗರಿಗೆ ಹಕ್ಕಲು. ಹುಡುಗಿಯರಿಗೆ ಒಂದು ಕೋಣೆ, ನೀರು ಬಾವಿಯಿಂದ ಹೊತ್ತು ತರಬೇಕು. ತಿಂಗಳಿಗೆ ಎರಡು ಮೂರು ದಿನ ಕೆಲವು ಹುಡುಗಿಯರು ಯಾಕೆ ಬರುವುದಿಲ್ಲ ಅಂತ ನಮಗೆ ಹೊಳೆದಿರಲೇ ಇಲ್ಲ. ಮದುವೆಯಾದ ಮೇಲೆ ಹೆಂಡತಿಗೆ ಶಾಲೆಯ ಕಥೆ ಹೇಳುವಾಗ ಅವಳೇ ಕೇಳಿದ್ದು: "ಹುಡುಗೀರು ಏನ್ ಮಾಡ್ತಿದ್ರು?"

ಈ ಪಟ್ಟಿಯಲ್ಲಿ ಹೆಚ್ಚಿನ ಕಡೆ ಫೇಲು. ಆದರೂ ನನ್ನ ಬ್ಯಾಚಿನಲ್ಲಿ ಎ, ಬಿ ಎರಡು ಸೆಕ್ಷನ್ ತುಂಬಿ ತುಳುಕುತ್ತಿತ್ತು. ಮೀನುಗಾರರ ಮಕ್ಕಳು, ಅಡಿಕೆ ತೋಟದವರ ಮಕ್ಕಳು, ಕೂಲಿಯವರ ಮಕ್ಕಳು ಒಂದೇ ಬೆಂಚಿನಲ್ಲಿ ಕೂತು 625ಕ್ಕೆ ಎಷ್ಟು ಬೀಳುತ್ತದೆ ಅಂತ ಲೆಕ್ಕ ಹಾಕಿದೆವು. ಎಲ್ಲರೂ ನಡೆದು ಬರುತ್ತಿದ್ದವರು. ಅತ್ತೆಯ ಮಾತು ಕೇಳಿದ ಮೇಲೆ ನನಗೆ ಅರ್ಥವಾದದ್ದು ಇದು: ಆ ಶಾಲೆಗಿದ್ದ ಅತಿ ದೊಡ್ಡ ಸೌಲಭ್ಯ ಅದು ಹೊಳೆಯ ಈಚೆ ಇದ್ದದ್ದು. ಲ್ಯಾಬು, ಲೈಬ್ರರಿ ಎಲ್ಲ ಆಮೇಲೆ.

ಸರ್ಕಾರಕ್ಕೂ ಇದು ನಿಧಾನವಾಗಿ ಹೊಳೆದಿದೆ. 2006ರ ಸುಮಾರಿಗೆ ಕರ್ನಾಟಕದಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿದರು. ಎಂಟನೇ ಕ್ಲಾಸೇ ಯಾಕೆ? ಏಳರವರೆಗೆ ಊರ ಶಾಲೆ, ಎಂಟಕ್ಕೆ ಹೈಸ್ಕೂಲು. ಮಕ್ಕಳು ಶಾಲೆ ಬ🔹ಡುವುದು ಆ ಹೊಸ್ತಿಲಲ್ಲೇ. ಅತ್ತೆ ನಿಂತದ್ದೂ ಅಲ್ಲೇ. ಆಮೇಲೆ ಬಿಸಿಯೂಟ ಹೈಸ್ಕೂಲಿಗೂ ಬಂತು. 2009ರಲ್ಲಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಾ ಅಭಿಯಾನ ಬಂದಾಗ ಅದರ ಗುರಿಗಳಲ್ಲಿ ಒಂದು, ಯಾವ ಜನವಸತಿಯಿಂದಲೂ 5 ಕಿಲೋಮೀಟರಿನೊಳಗೆ ಒಂದು ಪ್ರೌಢಶಾಲೆ. ಲ್ಯಾಬು, ಲೈಬ್ರರಿ, ಶೌಚಾಲಯ, ಕುಡಿಯುವ ನೀರು ಎಲ್ಲ ಅದೇ ಯೋಜನೆಯ ಪಟ್ಟಿಯಲ್ಲಿದ್ದವು. ಹಂಟರ್ ಆಯೋಗದ ‘ಜಿಲ್ಲೆಗೊಂದು’ ಅನ್ನೋದರಿಂದ ‘5 ಕಿಲೋಮೀಟರಿಗೊಂದು’ ಅನ್ನುವವರೆಗೆ ಬರಲು ನಮಗೆ 127 ವರ್ಷ ಹಿಡಿಯಿತು.

ಈಗಿನ ಸಂಗತಿಗೆ ಬರುತ್ತೇನೆ. ನಮ್ಮ ಶಾಲೆಯಲ್ಲಿ ಈಗ ಟೈಲ್ಸ್ ಹಾಕಿದ ಶೌಚಾಲಯ ಇದೆ, ನಳದಲ್ಲಿ ನೀರು ಇದೆ, ಕಂಪ್ಯೂಟರ್ ಕೋಣೆ ಇದೆ, ಗೋಡೆಗೆ ಪ್ರೊಜೆಕ್ಟರ್ ಇದೆ. ಸೆಕ್ಷನ್ ಮಾತ್ರ ಒಂದೇ, ಅದರಲ್ಲೂ ಹಿಂದಿನ ಬೆಂಚು ಖಾಲಿ. ಬೆಳಿಗ್ಗೆ ಏಳೂವರೆಗೆ ಹಳದಿ ವ್ಯಾನುಗಳು ಬಂದು ಮಕ್ಕಳನ್ನು ಪೇಟೆಯ ಇಂಗ್ಲಿಷ್ ಮೀಡಿಯಂ ಶಾಲೆಗಳಿಗೆ ಹೊತ್ತುಕೊಂಡು ಹೋಗುತ್ತವೆ. ಸೇತುವೆ ಬಂದ ಮೇಲೆ ಹೊಳೆ ಯಾರಿಗೂ ಅಡ್ಡ ಬರುವುದಿಲ್ಲ, ವ್ಯಾನಿನ ಫೀಸು ಕಟ್ಟುವವರಿಗೆ. ಅನುದಾನಿತ ಶಾಲೆಯಲ್ಲಿ ಮಕ್ಕಳು ಕಡಿಮೆಯಾದರೆ ಅನುದಾನಕ್ಕೇ ಕುತ್ತು. ಮಾಸ್ತರು ನಿವೃತ್ತರಾದರೆ ಆ ಜಾಗ ತುಂಬಲು ವರ್ಷಗಟ್ಟಲೆ ಕಾಯಬೇಕು. ಮಾಸ್ತರಿಲ್ಲದ ಶಾಲೆಗೆ ಮಕ್ಕಳನ್ನು ಯಾರು ಕಳಿಸುತ್ತಾರೆ? ಹೀಗೆ ಸುತ್ತು ಸುತ್ತುತ್ತಾ ಇಳಿಯುತ್ತದೆ.

ವ್ಯಾನು ಹತ್ತಿಸುವವರನ್ನು ಬಯ್ಯುವ ಅಧಿಕಾರ ನನಗಿಲ್ಲ. ನನ್ನ ಮಗಳು ಬೆಂಗಳೂರಿನಲ್ಲಿ ಹೋಗುವ ಶಾಲೆ ಮನೆಯಿಂದ 9 ಕಿಲೋಮೀಟರ್. ಸಿಲ್ಕ್ ಬೋರ್ಡ್ ದಾಟಿ ಹೋಗಲು ಒಂದು ಗಂಟೆ. ಮನೆಯ ಹಿಂದಿನ ರಸ್ತೆಯಲ್ಲೇ ಸರ್ಕಾರಿ ಶಾಲೆ ಇದೆ. ನಾನು ಅದರ ಗೇಟಿನೊಳಗೆ ಹೋದದ್ದು ವೋಟು ಹಾಕಲು ಮಾತ್ರ. ಹಾಗಾಗಿ ಉಪದೇಶ ಬೇಡ. ಆದರೆ ಲೆಕ್ಕ ಹೇಳಬಹುದು. ನಮ್ಮ ಹೈಸ್ಕೂಲು ನಾಳೆ ಮುಚ್ಚಿದರೆ ವ್ಯಾನಿನ ಮಕ್ಕಳಿಗೆ ಏನೂ ಆಗುವುದಿಲ್ಲ. ಈಗ ಅಲ್ಲಿ ಉಳಿದಿರುವ ಮಕ್ಕಳಿಗೆ ಮಾತ್ರ ಹೊಳೆ ಮತ್ತೆ ಅಡ್ಡ ಬರುತ್ತದೆ. ನೀರಿನ ಹೊಳೆ ಅಲ್ಲ. ಬಸ್ಸಿನ ಟೈಮು, ವ್ಯಾನಿನ ಫೀಸು, ಸಂಜೆ ಕತ್ತಲಾದ ಮೇಲೆ ಕ್ರಾಸಿನಿಂದ ಒಬ್ಬಳೇ ನಡೆಯಬೇಕಾದ ದಾರಿ. ಎಂಟನೇ ಕ್ಲಾಸಿನ ಹೊಸ್ತಿಲಲ್ಲಿ ಯಾರದೋ ಅಪ್ಪ ಮತ್ತೆ "ಬೇಡ" ಅನ್ನುತ್ತಾನೆ. ಅವನೂ ಓದಿನ ವಿರೋಧಿ ಆಗಿರುವುದಿಲ್ಲ.

ಇನ್ನು ಸಮಿತಿಯ ವಿಷಯ. ಸುವರ್ಣ ಮಹೋತ್ಸವದ ನೆನಪಿಗೆ ರಸ್ತೆ ಬದಿಗೆ ಗ್ರಾನೈಟಿನ ದೊಡ್ಡ ಕಮಾನು ಕಟ್ಟಿಸಬೇಕು, ಅದರ ಮೇಲೆ ದಾನಿಗಳ ಹೆಸರು ಕೆತ್ತಿಸಬೇಕು ಅಂತ ಠರಾವು ಆಗಿತ್ತು. ನಾನು ಗ್ರೂಪಿನಲ್ಲಿ ಹೊಸ ಎರಡು ಪುಟ ಹಾಕಿದೆ. ಸೌಲಭ್ಯಗಳ ಪಟ್ಟಿಯಲ್ಲಿ ನಂಬರ್ ಒಂದು: ‘ಸುತ್ತಲಿನ ಆರು ಹಳ್ಳಿಗಳಿಂದ ನಡೆದು ಬರುವಷ್ಟು ಹತ್ತಿರ ಇದೆ.’ ಕೊನೆಯಲ್ಲಿ ಒಂದು ಪ್ರಶ್ನೆ: ಕಮಾನಿನ ದುಡ್ಡಿನಲ್ಲಿ, ನಡೆಯಲಾಗದಷ್ಟು ದೂರದ ಕೇರಿಗಳ ಮಕ್ಕಳಿಗೆ ಎರಡು ವರ್ಷ ಒಂದು ಗಾಡಿ ಓಡಿಸಬಹುದಲ್ಲ?

ಗ್ರೂಪು ಎರಡು ದಿನ ಗಪ್ಪು. ಆಮೇಲೆ ಗದ್ದಲ ಶುರುವಾಯಿತು. ‘ಕಮಾನು ಇಲ್ಲದಿದ್ದರೆ ದಾನಿಗಳು ಯಾಕೆ ಕೊಡ್ತಾರೆ’ ಅಂತ ಒಬ್ಬ. ‘ಗಾಡಿ ಎರಡು ವರ್ಷಕ್ಕೆ ಹಳೇದಾಗ್ತದೆ, ಕಲ್ಲು ಉಳೀತದೆ’ ಅಂತ ಇನ್ನೊಬ್ಬ. ದುಬೈಯಿಂದ ಒಬ್ಬ ಕ್ಲಾಸ್‌ಮೇಟು, ಪಿಯುಸಿ ಮುಗಿಸದೆ ಹೋದವನು, ಆರು ತಿಂಗಳ ಡೀಸೆಲ್ ನಂದು ಅಂದ. ಕೊನೆಗೆ ಕಮಾನು ಸಣ್ಣದಾಯಿತು, ಗ್ರಾನೈಟ್ ಹೋಗಿ ಚಿರೆಕಲ್ಲಾಯಿತು. ಮಿಕ್ಕಿದ್ದರಲ್ಲಿ ಮುಂದಿನ ಜೂನ್‌ನಿಂದ ಒಂದು ಟೆಂಪೋ, ಸದ್ಯಕ್ಕೆ ಒಂದು ವರ್ಷ ಮಾತ್ರ. ಅದಾದ ಮೇಲೆ ಹೇಗೆ ಅಂತ ಯಾರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಮೊನ್ನೆ ಊರಿಗೆ ಹೋದಾಗ ಅತ್ತೆ ಸೆರಗಿನ ಗಂಟಿನಿಂದ ಐನೂರರ ನೋಟು ತೆಗೆದು ಕೊಟ್ಟಳು. ರಶೀದಿ ಪುಸ್ತಕದಲ್ಲಿ ‘ಯಾವ ಬ್ಯಾಚ್’ ಅಂತ ಒಂದು ಕಾಲಂ ಇದೆ. ಏನು ಬರೆಯಲಿ ಅಂತ ಕೇಳಿದೆ.

"ನಾ ಆ ಶಾಲೆಗೆ ಹೋಗ್ಲಿಲ್ವಲ್ಲೋ" ಅಂದಳು. "ತಾರಿ ದುಡ್ಡು ಅಂತ ಬರ್ಕ."

ಹಾಗೇ ಬರೆದುಕೊಂಡೆ.